ಎಡಕ್ಕಿರಬೇಕಾದ ಹಲ್ಲು

ಚಿಕ್ಕಮ್ಮ ಬಾಯಿಗೆ ಕೈ ಹಾಕಿ ಮೇಲಿನ ಹಲ್ಲಿನ ಸೆಟ್ಟನ್ನು ಎಳೆದು ತೆಗೆದಳು, ಕರವಸ್ತ್ರದಲ್ಲಿ ಒರೆಸಿ ಮೇಣದಕ್ಕನ ಮೇಜಿನ ಮೇಲಿಟ್ಟಳು. ಹಲ್ಲಿಲ್ಲದ ಬಾಯಿಂದ ಮಾತು ಅರ್ಧ ಗಾಳಿಯಾಗಿಯೇ ಹೊರಬಿತ್ತು.

“ಇಲ್ಲಿ ಹಿಂದೆ, ಒಳಗಡೆ ಚುಚ್ತದೆ ಕಣೇ. ಸ್ವಲ್ಪ ಉಜ್ಜಿಕೊಡು. ನೀನೇ ಮಾಡಿದ್ದಲ್ವಾ, ಎಲ್ಲಿ ಅಂತ ನಾನು ಬೇರೆ ಹೇಳ್ಬೇಕಾ?”

“ನಾನು ಮಾಡಿದ್ದಾ?”

“ಮತ್ತಿನ್ಯಾರು? ನಮ್ಮ ಹುಡುಗೀನೇ ನಿಮಗೆ ಹಲ್ಲು ಮಾಡಿಕೊಡೋದು ಅಂತ ಡಾಕ್ಟ್ರಿಗೆ ಹೇಳಿದೆ. ಗೊತ್ತು ಗೊತ್ತು ಅಂದ್ರು. ನಿಂಗೆ ಮೊದಲೇ ತಿಳಿಸಿದ್ರೆ ದುಡ್ಡು ಬೇಡ ಅಂತ ರಂಪ ಮಾಡ್ತೀಯ. ಅದಕ್ಕೇ ಸದ್ದಿಲ್ದೆ ಮಾಡಿಸ್ಕೊಂಡೆ.”

ಮೇಣದಕ್ಕ ಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅವಳಿಗೆ ಆ ಹೆಸರು ಬಂದಿದ್ದು ಕೆಲಸದಿಂದ. ಕೃತಕ ಹಲ್ಲು ಮಾಡುವ ಆ ಸಣ್ಣ ಲ್ಯಾಬಿನಲ್ಲಿ ಮೇಣದ ಮೇಲೆ ಹಲ್ಲು ಜೋಡಿಸುವವಳು ಅವಳೊಬ್ಬಳೇ. ತನ್ನ ಚಿಕ್ಕಮ್ಮನ ಬಾಯಿಗೆ ಹಲ್ಲು ಜೋಡಿಸಿ ಮರೆತುಬಿಡುವಷ್ಟು ಮರೆವು ಅವಳಿಗಿನ್ನೂ ಬಂದಿರಲಿಲ್ಲ. ಆದರೂ ಕೈಯಲ್ಲಿದ್ದ ಸೆಟ್ಟು ನೋಡಿ ಒಂದು ಕ್ಷಣ ಗೊಂದಲವಾಯಿತು. ಒಸಡಿನ ಇಳಿಜಾರು, ಹಲ್ಲು ಹಲ್ಲಿನ ನಡುವಿನ ಸಂದಿ, ಎಲ್ಲ ತನ್ನ ಕೈಯದೇ ಅನ್ನಿಸುವಂತಿತ್ತು. ಮುಂದಿನ ಎರಡು ದೊಡ್ಡ ಹಲ್ಲುಗಳ ಪಕ್ಕದ ಸಣ್ಣ ಹಲ್ಲನ್ನು ಒಂದಿಷ್ಟು ತಿರುಗಿಸಿ ಕೂರಿಸಿದ್ದರು. ಅದಂತೂ ಅವಳದೇ ಚಾಳಿ. ಸಾಲಿಗೆ ಸಾಲು ನೆಟ್ಟಗೆ ನಿಂತ ಹಲ್ಲು ಬೇಲಿಯ ಗೂಟದ ಹಾಗೆ ಕಾಣುತ್ತದೆ, ಒಂದಾದರೂ ಕೊಂಚ ಓರೆಯಾಗಿದ್ದರೆ ನೋಡಿದವರು ಹುಟ್ಟು ಹಲ್ಲೇ ಅಂದುಕೊಳ್ಳುತ್ತಾರೆ ಎಂಬುದು ಅವಳ ನಂಬಿಕೆ. ತೀರಿಹೋದ ಅವಳ ಅಮ್ಮನ ಹಲ್ಲು ಹಾಗೇ ಇತ್ತು, ಎಡಗಡೆಯದು. ಅದನ್ನೇ ನೆನಪಿಟ್ಟುಕೊಂಡು ಲ್ಯಾಬಿಗೆ ಸೇರಿದ ದಿನದಿಂದ ಎಡಗಡೆಯ ಹಲ್ಲನ್ನೇ ತಿರುಗಿಸುತ್ತ ಬಂದಿದ್ದಳು.

ಈ ಸೆಟ್ಟಿನಲ್ಲಿ ತಿರುಗಿದ್ದು ಬಲಗಡೆಯ ಹಲ್ಲು.

ಅವಳು ಬೆರಳಾಡಿಸಿ ನೋಡಿದಳು. ಒಳಮೈಯಲ್ಲಿ, ಹಿಂಬದಿಗೆ ಎಳ್ಳಿನಷ್ಟು ದೊಡ್ಡ ಗುಬುಟು ಸಿಕ್ಕಿತು. ಚುಚ್ಚುತ್ತಿದ್ದುದು ಅದೇ. ಉಜ್ಜುವ ಯಂತ್ರದ ಹತ್ತಿರ ಹೋದವಳು ಅದ್ಯಾಕೋ ನಿಂತಳು.

“ಇವತ್ತು ಇಲ್ಲಿರಲಿ ಬಿಡು ಚಿಕ್ಕಮ್ಮ.”

“ಇಲ್ಲಿರಲಿ ಅಂದ್ರೆ? ಮಧ್ಯಾಹ್ನ ಊಟ ಮಾಡೋದು ಹೇಗೆ, ನಿನ್ನ ಹಲ್ಲಲ್ಲಾ?”

ಎದುರಿನ ಮೇಜಿನಲ್ಲಿ ಯಾರೂ ಇರಲಿಲ್ಲ. ಅಲ್ಲಿ ಕೂರುವ ಪಾಲುದಾರ ಬೆಳಗಿನ ಪೆಟ್ಟಿಗೆಗಳನ್ನು ಕ್ಲಿನಿಕ್ಕುಗಳಿಗೆ ತಲುಪಿಸಲು ಸ್ಕೂಟರಿನಲ್ಲಿ ಹೋಗಿದ್ದ. ಅವನ ಹೆಸರು ಪ್ಲಾಸ್ಟರ್. ಇಟ್ಟ ಹೆಸರು ಬೇರೆ ಇತ್ತು. ಅದು ಬ್ಯಾಂಕಿನವರಿಗೆ ಮಾತ್ರ ಗೊತ್ತು.

ಇಬ್ಬರೂ ಒಬ್ಬರೇ ಯಜಮಾನರ ಕೈಕೆಳಗೆ ಕೆಲಸ ಕಲಿತವರು. ಯಜಮಾನರ ಕೈ ನಡುಗಲು ಶುರುವಾದಾಗ ಇಬ್ಬರನ್ನೂ ಕರೆದು, ಲ್ಯಾಬನ್ನು ಜೊತೆಯಾಗಿ ನಡೆಸುವುದಾದರೆ ಕೊಟ್ಟು ಹೋಗುತ್ತೇನೆ, ಒಬ್ಬರಿಗೇ ಕೊಡುವುದಿಲ್ಲ ಎಂದಿದ್ದರು. ಸಮಪಾಲು, ಇಬ್ಬರಲ್ಲಿ ಯಾರೂ ಹೊರಗೆ ಇದೇ ಕೆಲಸ ಮಾಡುವಂತಿಲ್ಲ ಎಂದು ಪಾಲುದಾರಿಕೆ ಪತ್ರವಾಯಿತು. ಕೆಲಸವೂ ಹಂಚಿಹೋಯಿತು. ಕ್ಲಿನಿಕ್ಕಿನಿಂದ ಬಂದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿದು ದವಡೆಯ ಮಾದರಿ ತೆಗೆಯುವುದು ಅವನು. ಆ ಮಾದರಿಯನ್ನು ದವಡೆಯಂತೆ ತೆರೆದು ಮುಚ್ಚುವ ಹಿತ್ತಾಳೆಯ ಚೌಕಟ್ಟಿಗೆ ಕೂರಿಸಿಕೊಂಡು, ಮೇಣದಲ್ಲಿ ಒಸಡು ಕೆತ್ತಿ ಹಲ್ಲು ನಿಲ್ಲಿಸುವುದು ಅವಳು. ಅಲ್ಲಿಂದ ಅದು ಹಿಂದಿನ ಕೋಣೆಗೆ, ಪಾಲಿಶ್ ಮಾಮನ ಕೈಗೆ ಹೋಗುತ್ತಿತ್ತು. ಯಜಮಾನರ ಕಾಲದಿಂದಲೂ ಇದ್ದ ಆ ಹಿರಿಯನೇ ಮೇಣ ಕರಗಿಸಿ, ಆ ಜಾಗಕ್ಕೆ ಒಸಡಿನ ಬಣ್ಣದ ಅಕ್ರಿಲಿಕ್ ತುಂಬಿ, ಬೇಯಿಸಿ, ಹೊಳಪು ಕೊಟ್ಟು ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತಿದ್ದ. ಮುಚ್ಚಿದ ಪೆಟ್ಟಿಗೆ ಮತ್ತೆ ಪ್ಲಾಸ್ಟರಿನ ಸ್ಕೂಟರು ಹತ್ತುತ್ತಿತ್ತು.

ಮುಂದಿನ ಕೋಣೆಯಲ್ಲಿ ಎರಡು ಮೇಜು ಎದುರುಬದುರು. ಅವನು ಪ್ಲಾಸ್ಟರ್ ಗಟ್ಟಿಯಾಗಲು ಕಾಯುತ್ತ ಅವಳ ಕೈಯನ್ನೇ ನೋಡುತ್ತ ಕೂರುವುದು ಅಭ್ಯಾಸವಾಗಿಹೋಗಿತ್ತು. ಅವಳೂ ತಲೆ ಕೆಡಿಸಿಕೊಂಡವಳಲ್ಲ. ಗೋಡೆ ನೋಡುವ ಬದಲು ಕೈ ನೋಡುತ್ತಾನೆ, ನೋಡಲಿ.

ಅಂದು ಸಂಜೆ ಅವಳು ಮನೆಗೆ ಹೋಗುವ ಬಸ್ಸು ಬಿಟ್ಟು ಡಾಕ್ಟರ ಕ್ಲಿನಿಕ್ಕಿಗೆ ಹೋದಳು. ಲ್ಯಾಬಿಗೆ ಬರುವ ಕೆಲಸದಲ್ಲಿ ಅರ್ಧಕ್ಕೂ ಹೆಚ್ಚು ಕಳಿಸುತ್ತಿದ್ದವರು ಆ ದಂತವೈದ್ಯರೇ. ಕೆಲವು ತಿಂಗಳಿಂದ ಅವರ ಪೆಟ್ಟಿಗೆಗಳು ಕಡಿಮೆಯಾಗಿದ್ದವು. ರೋಗಿಗಳೇ ಕಡಿಮೆಯಂತೆ ಎಂದು ಪ್ಲಾಸ್ಟರ್ ಹೇಳಿದ್ದ. ಅವಳು ನಂಬಿದ್ದಳು. ಆದರೆ ಕ್ಲಿನಿಕ್ಕಿನಲ್ಲಿ ಕೂರಲು ಜಾಗವಿರಲಿಲ್ಲ. ಬೆಂಚು ತುಂಬಿ, ಗೋಡೆಗೆ ಒರಗಿ ನಿಂತವರೂ ಇದ್ದರು.

ಡಾಕ್ಟರು ಕೈ ತೊಳೆಯುತ್ತಲೇ ಮಾತಾಡಿದರು.

“ನಿಮ್ಮ ಚಿಕ್ಕಮ್ಮಂದಾ? ಅದು ನಿಮ್ಮ ಹೊಸ ಬ್ರಾಂಚಿಂದಲ್ವಾ ಬಂದಿದ್ದು?”

“ಯಾವ ಬ್ರಾಂಚು ಸಾರ್?”

“ಏನಮ್ಮ ನೀವು, ನನ್ನನ್ನ ಕೇಳ್ತೀರಿ! ನಿಮ್ಮ ಪಾರ್ಟ್ನರೇ ಬಂದು ಹೇಳಿದ್ರು, ಕೆಲಸ ಜಾಸ್ತಿ ಆಗಿದೆ, ಇನ್ನೊಂದು ಲ್ಯಾಬ್ ತೆಗೆದಿದ್ದೀವಿ, ಅರ್ಜೆಂಟ್ ಇದ್ದಿದ್ದು ಅಲ್ಲಿಗೆ ಕೊಡಿ ಅಂತ.” ಅವಳ ಮುಖ ನೋಡಿ ಅವರು ಟವೆಲ್ಲನ್ನು ಮೊಳೆಗೆ ತೂಗುಹಾಕಿದರು. “ನೋಡಿ, ನಿಮ್ಮ ನಿಮ್ಮೊಳಗಿನ ವಿಷಯಕ್ಕೆ ನನ್ನ ಹೆಸರು ಎಳೀಬೇಡಿ. ಸಾಕ್ಷಿ ಗೀಕ್ಷಿ ಅಂತ ನಾನು ಎಲ್ಲಿಗೂ ಬರಲ್ಲ. ಈಗಲೇ ಹೇಳ್ಬಿಟ್ಟಿದ್ದೀನಿ.”

ಮೇಣದಕ್ಕನಿಗೆ ನಿಂತಲ್ಲಿ ನಿಲ್ಲಲಾಗದ ಕಾಲ ಶುರುವಾಗಿದ್ದು ಅಲ್ಲಿಂದ. ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಿದ್ದವಳು ಈಗ ಜನರ ಬಾಯಿ ನೋಡತೊಡಗಿದಳು. ಎದುರು ಕೂತ ಮುದುಕ ಆಕಳಿಸಿದರೆ ಕತ್ತು ಮುಂದೆ ಚಾಚುವಳು. ಔಷಧಿ ಅಂಗಡಿಯ ಹೆಂಗಸು ನಗಲಿ ಎಂದು ಇಲ್ಲದ ತಮಾಷೆ ಮಾಡುವಳು. ಎಡವೋ ಬಲವೋ? ಬ್ಯಾಂಕಿನ ಕಾವಲುಗಾರನಿಗೆ ಕಟ್ಟಿದ ಹಲ್ಲೆಂದು ಅವಳಿಗೆ ದೂರದಿಂದಲೇ ಗೊತ್ತಾಯಿತು. ಅವನು ತಿರುಗಿ ನಗುವವರೆಗೂ ಇವಳು ನಗುತ್ತ ನಿಂತಳು. ಅವನು ಮುಖ ಕೆಂಪಗೆ ಮಾಡಿಕೊಂಡು ಬಾಗಿಲ ಹಿಂದೆ ಸರಿದ. ಸರಿಯುವ ಮುಂಚೆ ಕಂಡಿತು. ಬಲ.

“ಊರಿನ ಗಂಡಸರಿಗೆಲ್ಲ ಹಲ್ಲು ಕಿರೀತಾ ಓಡಾಡ್ತಾಳೆ ಅಂತ ಸುದ್ದಿ ಬಂತು,” ಎಂದ ಗಂಡ. ಅವನು ಶಾಲೆಯ ಬಸ್ಸು ಓಡಿಸುವವನು. ಊರಿನ ಸುದ್ದಿಯೆಲ್ಲ ಅವನ ಕಿವಿಗೆ ಸಂಜೆಯೊಳಗೆ ಬೀಳುತ್ತಿತ್ತು. “ನಂಗೂ ಒಂದ್ಸಲ ಕಿರಿ ನೋಡೋಣ.”

“ನಿಂಗೇನು ಕಟ್ಟಿದ ಹಲ್ಲಾ?”

“ಹೀಗೇ ಹೋದ್ರೆ ಆಗೋದು ದೂರ ಇಲ್ಲ. ಕೂತ್ಕೊಂಡು ಊಟ ಮಾಡೇ. ತಟ್ಟೆ ಹಿಡ್ಕೊಂಡು ಮನೆಯೆಲ್ಲ ಸುತ್ತಬೇಡ.”

ಅವಳು ಕೂತಳು. ಕೂತು, ಚಮಚದ ತುದಿಯಲ್ಲಿ ತಟ್ಟೆಯಂಚಿನ ಅನ್ನವನ್ನು ಒಸಡಿನ ಹಾಗೆ ತೀಡತೊಡಗಿದಳು. ಗಂಡ ಚಮಚ ಕಿತ್ತುಕೊಂಡ.

ಲ್ಯಾಬಿನಲ್ಲಿ ಅವಳು ತಕ್ಷಣ ಏನೂ ಹೇಳಲಿಲ್ಲ. ಅದು ಅವಳಿಗೆ ಒಗ್ಗುವ ಕೆಲಸವಾಗಿರಲಿಲ್ಲ. ಹೊಟ್ಟೆಯಲ್ಲಿದ್ದದ್ದು ಮುಖಕ್ಕೆ ಬರುವ ಜಾತಿ ಅವಳದು. ಮೇಣ ಹೆಚ್ಚು ಕಾಯಿಸಿ ಸುಟ್ಟಳು. ಒಂದು ಸೆಟ್ಟನ್ನು ಜೋಡಿಸಿ ಕಿತ್ತು, ಮತ್ತೆ ಜೋಡಿಸಿ ಕಿತ್ತಳು. ಎದುರಿಗೆ ಪ್ಲಾಸ್ಟರ್ ರಬ್ಬರಿನ ಬಟ್ಟಲಲ್ಲಿ ಎಂದಿನ ಹಾಗೆ ಕಲಸುತ್ತಿದ್ದ. ನೀರಿಗೆ ಪುಡಿ ಉದುರಿಸಿ, ಅದು ತಾನಾಗಿ ಮುಳುಗಲು ಬಿಟ್ಟು, ಆಮೇಲೆ ಬಟ್ಟಲನ್ನು ಮೇಜಿಗೆ ತಟ್ಟಿ ತಟ್ಟಿ ಗಾಳಿಗುಳ್ಳೆ ಮೇಲೆ ಬರಿಸುವನು. ಅವನ ಪ್ಲಾಸ್ಟರಿನಲ್ಲಿ ಗುಳ್ಳೆ ಕಂಡವರಿಲ್ಲ. ಆ ತಟತಟ ಸದ್ದು ಅವಳಿಗೆ ಎಷ್ಟೋ ವರ್ಷ ಕೇಳಿಸಿಯೇ ಇರಲಿಲ್ಲ. ಈಗ ಒಂದೊಂದು ತಟ್ಟೂ ನೆತ್ತಿಗೆ ಬಡಿದ ಹಾಗಾಗುತ್ತಿತ್ತು.

“ಏನಕ್ಕಾ, ಹುಷಾರಿಲ್ವಾ?” ಎಂದು ಅವನೇ ಕೇಳಿದ.

“ನೀನು ಬೇರೆ ಕಡೆ ಏನಾದ್ರೂ ಕೆಲಸ ಹಿಡಿದಿದ್ದೀಯೇನೋ?”

“ನಾನಾ?” ಬಟ್ಟಲು ತಟ್ಟುವುದು ನಿಲ್ಲಲಿಲ್ಲ. “ಇಲ್ಲಿದ್ದೇ ಮುಗೀತಿಲ್ಲ, ಬೇರೆ ಕಡೆ ಎಲ್ಲಿಂದ ಹಿಡೀಲಿ? ಯಾರು ಹೇಳಿದ್ರು?”

“ಯಾರೂ ಹೇಳಲಿಲ್ಲ. ಕೇಳಿದೆ ಅಷ್ಟೆ.”

ಹಿಂದಿನ ಕೋಣೆಯ ಬಾಗಿಲಲ್ಲಿ ಪಾಲಿಶ್ ಮಾಮ ನಿಂತಿದ್ದ. ಅವನು ಇಬ್ಬರನ್ನೂ ನೋಡಿ, ಒಳಗೆ ಹೋಗಿ ಯಂತ್ರ ಹಾಕಿದ. ಅಂದು ಒಂದೇ ಸೆಟ್ಟಿಗೆ ಬೇಕಾದ್ದಕ್ಕಿಂತ ಬಹಳ ಹೊತ್ತು ಹೊಳಪು ಕೊಟ್ಟ.

ಅವನು ಸುಳ್ಳು ಹೇಳದೆ, ಹೌದಕ್ಕಾ ಮಾಡ್ತಿದ್ದೀನಿ ಎಂದಿದ್ದರೆ ಏನು ಮಾಡುತ್ತಿದ್ದೆ ಎಂದು ಆಮೇಲೆ ಅವಳೇ ತನ್ನನ್ನು ಕೇಳಿಕೊಂಡದ್ದುಂಟು. ಬಾಯಿಗೆ ಬಂದಂತೆ ಬೈದು, ಅತ್ತುಬಿಡುತ್ತಿದ್ದಳು, ಪ್ರಾಯಶಃ ವಕೀಲರ ಮನೆಗೆ ಹೋಗುತ್ತಿರಲಿಲ್ಲ. ಹಾಗೆ ಹೇಳಲಿಲ್ಲ ಅವನು. ಮರುದಿನ ಅವಳು ಹೋದಳು.

ವಕೀಲೆ ಅವಳಿಗಿಂತ ಚಿಕ್ಕವಳು, ಮಾತಿನಲ್ಲಿ ಚುರುಕು. ಪಾಲುದಾರಿಕೆ ಪತ್ರ ಓದಿ ಕನ್ನಡಕ ಹಣೆಗೇರಿಸಿದಳು.

“ನೋಡಿ ಅಕ್ಕ, ಪಾಲುದಾರ ಅಂದ್ರೆ ಅಂಗಡಿಯಲ್ಲಿ ಜೊತೆಗೆ ಕೂತವನು ಅಂತ ಮಾತ್ರ ಅಲ್ಲ. ಕಾನೂನಿನ ಪ್ರಕಾರ ಅವನು ನಿಮ್ಮ ನಂಬಿಕೆ ಹೊತ್ತವನು, ನೀವು ಅವನ ನಂಬಿಕೆ ಹೊತ್ತವರು. ವ್ಯಾಪಾರಕ್ಕೆ ಬಂದ ಅವಕಾಶ ಇಬ್ಬರದ್ದು. ಒಬ್ಬ ಅದನ್ನ ಬಚ್ಚಿಟ್ಟು ತನ್ನ ಜೇಬಿಗೆ ಹಾಕ್ಕೊಂಡ್ರೆ ದ್ರೋಹ. ಅಲ್ಲಿ ಗಳಿಸಿದ್ದಕ್ಕೂ ಲೆಕ್ಕ ಕೊಡಬೇಕಾಗ್ತದೆ. ಆದ್ರೆ ಅದು ಅವನದೇ ಲ್ಯಾಬು ಅಂತ ತೋರಿಸೋದು ಹೇಗೆ?”

ವಿಚಾರಿಸಿದಾಗ, ಆ ಹೊಸ ಲ್ಯಾಬು ಅವನ ಹೆಂಡತಿಯ ತಮ್ಮನ ಹೆಸರಿನಲ್ಲಿತ್ತು. ಡಾಕ್ಟರು ಬಾಯಿ ಬಿಡುವವರಲ್ಲ. ಮೇಣದಕ್ಕ ಕರವಸ್ತ್ರ ಬಿಚ್ಚಿ ಹಲ್ಲಿನ ಸೆಟ್ಟು ಮುಂದಿಟ್ಟಳು. ಎಡ ಬಲದ ವಿಷಯ ಹೇಳಿದಳು. ವಕೀಲೆ ತಾಳ್ಮೆಯಿಂದ ಕೇಳಿದಳು.

“ನಿಮಗೆ ಗೊತ್ತಾಗ್ತದೆ, ಸರಿ. ಕೋರ್ಟಿಗೆ ಗೊತ್ತಾಗಬೇಕಲ್ಲ. ಯಾರೋ ಒಬ್ಬರು ನಿಮ್ಮನ್ನ ನೋಡಿ ಕಲಿತು ಮಾಡಿದ್ದಾರೆ ಅಂತಾರೆ, ಮುಗೀತು. ಇದನ್ನ ಒಂದು ವಸ್ತು ಅಂತ ಹಾಜರುಮಾಡೋಣ, ಆ ಲ್ಯಾಬಲ್ಲಿ ತಯಾರಾದದ್ದು ಅಂತ. ಎಡ ಬಲ ಬರೆಯೋದು ಬೇಡ. ಮತ್ತೆ ಇದನ್ನ ಉಜ್ಜೋದು ಗಿಜ್ಜೋದು ಮಾಡಬೇಡಿ. ಹೀಗೇ ಇರಬೇಕು.”

“ಚಿಕ್ಕಮ್ಮ ಕೇಳ್ತಿದ್ದಾರೆ.”

“ಬೇರೆ ಮಾಡಿಕೊಡಿ. ನಿಮಗೇನು ಕಷ್ಟ?”

ಕಷ್ಟವೇನೆಂದು ಅವಳಿಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ. ಡಾಕ್ಟರ ಕೆಲಸ ಪೂರ್ತಿ ಅತ್ತ ಹೋದರೆ ಯಜಮಾನರು ಕೊಟ್ಟ ಲ್ಯಾಬಿನ ಬಾಗಿಲು ಹಾಕಬೇಕು, ಪಾಲಿಶ್ ಮಾಮನನ್ನು ಆ ವಯಸ್ಸಿನಲ್ಲಿ ಮನೆಗೆ ಕಳಿಸಬೇಕು, ತಾನು ಈ ಕೈ ಹಿಡಿದುಕೊಂಡು ಬೇರೆಯವರ ಲ್ಯಾಬಿನಲ್ಲಿ ಸಂಬಳಕ್ಕೆ ಕೂರಬೇಕು. ಪ್ರಾಯಶಃ ಪ್ಲಾಸ್ಟರಿನ ಲ್ಯಾಬಿನಲ್ಲೇ.

ದಾವೆ ಹೂಡಿದ ದಿನದಿಂದ ಪ್ಲಾಸ್ಟರ್ ಬರುವುದು ನಿಲ್ಲಿಸಿದ. ಎದುರಿನ ಮೇಜಿನ ಮೇಲೆ ಅವನ ರಬ್ಬರ್ ಬಟ್ಟಲು ಬೋರಲಾಗಿ ಉಳಿಯಿತು.

ಚಿಕ್ಕಮ್ಮನ ಹೊಸ ಸೆಟ್ಟನ್ನು ಮೇಣದಕ್ಕ ಭಾನುವಾರ ಕೂತು ಮುಗಿಸಿದಳು. ಅಚ್ಚುಕಟ್ಟಾಗಿ ಬಂದಿತ್ತು, ಎಡಗಡೆಯ ಹಲ್ಲು ಅಮ್ಮನದರಂತೆಯೇ ಓರೆ. ಚಿಕ್ಕಮ್ಮ ಹಾಕಿಕೊಂಡಳು, ಕಚ್ಚಿ ನೋಡಿದಳು, ಗೋಡೆಯ ಕನ್ನಡಿಯ ಮುಂದೆ ನಿಂತಳು. ನಿಂತೇ ಇದ್ದಳು.

“ಚುಚ್ತದಾ?”

“ಇಲ್ಲ. ಚುಚ್ಚಲ್ಲ.”

“ಮತ್ತೆ?”

“ಅದನ್ನೇ ಕೊಡೇ. ಚುಚ್ಚಿದ್ರೂ ಪರವಾಗಿಲ್ಲ.”

“ಅದು ಕೋರ್ಟಿಗೆ ಬೇಕು ಅಂತ ಎಷ್ಟು ಸಲ ಹೇಳಲಿ?”

“ಕೋರ್ಟಿಗೆ ಹಲ್ಲಿಲ್ವಾ? ನನ್ನದೇ ಬೇಕಾ?” ಚಿಕ್ಕಮ್ಮ ಕನ್ನಡಿಯಿಂದ ಕಣ್ಣು ತೆಗೆಯದೆ ಹೇಳಿದಳು. “ಅದನ್ನ ಹಾಕ್ಕೊಂಡು ಬೆಳಿಗ್ಗೆ ಕನ್ನಡಿ ನೋಡಿದ್ರೆ ಅಕ್ಕ ಎದುರಿಗೆ ನಿಂತಿದ್ದ ಹಾಗಿರ್ತಿತ್ತು. ನಿಮ್ಮಮ್ಮ ಕಣೇ. ನಗು ಕೂಡ ಅವಳದ್ದೇ. ನಿಂಗೆ ಗೊತ್ತಿದ್ದೇ ಹಾಗೆ ಮಾಡಿದ್ದೀಯ ಅಂದ್ಕೊಂಡಿದ್ದೆ. ಇದರಲ್ಲಿ ನಾನೇ ಕಾಣ್ತೀನಿ. ನನ್ನನ್ನ ನಾನು ನೋಡಿ ನೋಡಿ ಸಾಕಾಗಿದೆ.”

ಮೇಣದಕ್ಕ ಚಿಕ್ಕಮ್ಮನ ಹಿಂದೆ ಹೋಗಿ ನಿಂತು ಕನ್ನಡಿಯೊಳಗೆ ಇಣುಕಿದಳು. ಎದುರು ನಿಂತ ಅಮ್ಮನ ಎಡಗಡೆಯ ಹಲ್ಲು, ನೋಡುವವರಿಗೆ ತಮ್ಮ ಬಲಗೈ ಕಡೆಗೆ ಕಾಣುತ್ತಿತ್ತು. ಕನ್ನಡಿಯಲ್ಲಿ ಆ ಹಲ್ಲು ಬಲಗೈ ಕಡೆ ಕಾಣಬೇಕಾದರೆ ಹಲ್ಲೂ ಬಲಕ್ಕೇ ಇರಬೇಕು. ಇಷ್ಟು ವರ್ಷ ಈ ಕೆಲಸ ಮಾಡಿದವಳಿಗೆ ಇದು ಹೊಳೆದೇ ಇರಲಿಲ್ಲ. ಅವಳು ಹಲ್ಲು ಕಟ್ಟಿದ್ದು ಎದುರಿನವರು ನೋಡಲೆಂದು. ಹಾಕಿಕೊಂಡವರು ಕನ್ನಡಿಯಲ್ಲಿ ಏನು ನೋಡುತ್ತಾರೆಂದು ಯಾವತ್ತೂ ಯೋಚಿಸಿರಲಿಲ್ಲ.

ಸರಿ, ಬಲಕ್ಕೇ ಮಾಡಿಕೊಡುತ್ತೇನೆ ಎಂದು ಮತ್ತೆ ಕೂತಳು. ಕೈ ಒಪ್ಪಲಿಲ್ಲ. ಕಾದ ಚಾಕು ಹಿಡಿದ ಕೈ ತಾನಾಗಿ ಎಡಗಡೆಯ ಹಲ್ಲಿಗೇ ಹೋಗುತ್ತಿತ್ತು. ಬಲಗಡೆಯದನ್ನು ತಿರುಗಿಸಿದರೆ ಹೆಚ್ಚಾಗುವುದು, ಸರಿಪಡಿಸಿದರೆ ನೆಟ್ಟಗಾಗುವುದು. ಎದ್ದಳು, ನೀರು ಕುಡಿದಳು, ಕಿಟಕಿ ತೆರೆದಳು, ಮುಚ್ಚಿದಳು. ಕೊನೆಗೆ ಬೇರೆ ಬೆಳಕಿನಲ್ಲಿ ನೋಡೋಣವೆಂದು ಮೇಜು ಸುತ್ತಿಕೊಂಡು ಹೋಗಿ ಪ್ಲಾಸ್ಟರಿನ ಕುರ್ಚಿಯಲ್ಲಿ ಕೂತಳು.

ಅಲ್ಲಿಂದ ತನ್ನ ಮೇಜಿನ ಮೇಲಿದ್ದ ಹಿತ್ತಾಳೆ ಚೌಕಟ್ಟು ಕಂಡಿತು. ಅದರ ಮುಖ ಅವಳ ಖಾಲಿ ಕುರ್ಚಿಯ ಕಡೆಗಿತ್ತು, ಇವಳ ಕಡೆಗೆ ಬೆನ್ನು. ತಾನು ಬಲಗೈಯಲ್ಲಿ ಮುಟ್ಟುವ ಹಲ್ಲು ಇಲ್ಲಿ ಕೂತವನಿಗೆ ಎಡಗೈ ಕಡೆ. ಅವನು ಅದನ್ನೇ ನೋಡಿ ನೋಡಿ ಮನಸ್ಸಿನಲ್ಲಿಟ್ಟುಕೊಂಡು, ಬೇರೆಲ್ಲೋ ತನ್ನದೇ ಚೌಕಟ್ಟನ್ನು ಎದುರಿಗಿಟ್ಟುಕೊಂಡು ಕೂತಾಗ, ಎಡಗೈ ಕಡೆಯ ಹಲ್ಲನ್ನೇ ತಿರುಗಿಸಿದ್ದಾನೆ. ಮುಖಕ್ಕೆ ಮುಖ ಕೂತಾಗ ಅದು ಬಾಯಿಯ ಬಲ. ಮುಗಿದ ಸೆಟ್ಟುಗಳು ಅವನ ಕೈಗೆ ಹೋಗುತ್ತಿದ್ದುದು ಮುಚ್ಚಿದ ಪೆಟ್ಟಿಗೆಯಲ್ಲಿ. ತೆರೆದು ಹೋಲಿಸಿ ನೋಡಬೇಕೆಂದು ಅವನಿಗೆ ಅನ್ನಿಸಲೂ ಇಲ್ಲ, ಕಣ್ಣಿಗೆ ಬಾಯಿಪಾಠವಾಗಿತ್ತಲ್ಲ!

ಇಡೀ ಜಗತ್ತಿನಲ್ಲಿ ಆ ತಪ್ಪು ಮಾಡಲು ಸಾಧ್ಯವಿದ್ದದ್ದು ಆ ಒಂದು ಕುರ್ಚಿಯಲ್ಲಿ ಕೂತವನಿಗೆ ಮಾತ್ರ.

ಅವಳು ವಕೀಲೆಗೆ ಫೋನು ಮಾಡಿದಳು. ಅಲ್ಲಿಂದ ಬಂದ ಸುದ್ದಿಯೂ ಕಡಿಮೆಯದಾಗಿರಲಿಲ್ಲ.

“ನಾನೇ ಮಾಡೋಳಿದ್ದೆ ಅಕ್ಕ. ಅವರ ಕಡೆಯ ಉತ್ತರ ಬಂತು. ಲ್ಯಾಬು ಭಾವಮೈದನದ್ದು, ತನಗೂ ಅದಕ್ಕೂ ಸಂಬಂಧ ಇಲ್ಲ ಅಂತೆ. ಅದು ಗೊತ್ತಿದ್ದಿದ್ದೇ. ಮುಂದೆ ಕೇಳಿ. ಹಾಜರುಮಾಡಿರೋ ಹಲ್ಲಿನ ಸೆಟ್ಟು ನೀವೇ ಮಾಡಿದ್ದಂತೆ! ಸ್ವಂತ ಚಿಕ್ಕಮ್ಮನಿಗೆ ಲ್ಯಾಬಿನ ಹೊರಗೆ ಕದ್ದು ಮಾಡಿಕೊಟ್ಟಿದ್ದೀರಂತೆ, ದ್ರೋಹ ನಿಮ್ಮದಂತೆ. ಆ ತಿರುಗಿದ ಹಲ್ಲು ನಿಮ್ಮ ಗುರುತು, ಪಕ್ಕದಲ್ಲಿ ಕೂತು ಇಷ್ಟು ವರ್ಷ ನೋಡಿದ್ದೀನಿ, ಎಲ್ಲಿದ್ರೂ ಹಿಡೀತೀನಿ ಅಂತ ಬರೆಸಿದ್ದಾನೆ.”

“ಪಕ್ಕದಲ್ಲಿ ಅಲ್ಲ,” ಎಂದಳು ಮೇಣದಕ್ಕ. “ಎದುರಿಗೆ.”

“ಅವತ್ತು ಹೇಳಿದ್ರಲ್ಲ, ಎಡ ಬಲ, ಅದನ್ನ ಇನ್ನೊಂದ್ಸಲ ನಿಧಾನಕ್ಕೆ ಹೇಳಿ,” ಎಂದಳು ವಕೀಲೆ.

ನ್ಯಾಯಾಲಯ ಇಬ್ಬರನ್ನೂ ಮೊದಲು ಮಧ್ಯಸ್ಥಿಕೆಗೆ ಕಳಿಸಿತು. ಕಟ್ಟಡದ ಮೇಲಿನ ಮಹಡಿ, ಬಣ್ಣ ಮಾಸಿದ ಪರದೆ, ಒಂದು ಅಗಲ ಮೇಜು, ನೀರಿನ ಜಗ್ಗು. ಮಧ್ಯಸ್ಥರು ನಿವೃತ್ತ ನ್ಯಾಯಾಧೀಶರು, ಮೆತ್ತಗೆ ಮಾತಾಡುವವರು. ಯಾರು ಎಲ್ಲಿ ಕೂರಬೇಕೆಂದು ಅವರೇನೂ ಹೇಳಲಿಲ್ಲ. ಮೇಣದಕ್ಕ ಒಂದು ಕಡೆ ಕೂತಳು. ಪ್ಲಾಸ್ಟರ್ ಬಂದು, ಬೇರೆ ಕುರ್ಚಿಗಳಿದ್ದರೂ, ಅವಳಿಗೆ ನೇರ ಎದುರಿಗೇ ಕೂತ. ಕೂತ ಮೇಲೆ ಅವನಿಗೂ ಅದು ತಿಳಿದಿರಬೇಕು, ಕುರ್ಚಿಯನ್ನು ಕೊಂಚ ಓರೆ ಮಾಡಿಕೊಂಡ. ಇಸ್ತ್ರಿ ಹಾಕಿದ ಅಂಗಿ. ಉಗುರಿನ ಸಂದಿಯಲ್ಲಿ ಬಿಳಿ ಇರಲಿಲ್ಲ, ಮೇಣದ ತಿಳಿಗೆಂಪು ಇತ್ತು.

“ಅವರು ಹಿರಿಯರು, ಅವರ ಬಗ್ಗೆ ನನಗೆ ಗೌರವ ಇದೆ,” ಎಂದು ಅವನು ಮಧ್ಯಸ್ಥರಿಗೆ ಹೇಳಿದ. ಅಕ್ಕ ಅನ್ನುತ್ತಿದ್ದವನ ಬಾಯಲ್ಲಿ ಅವರು ಎಂಬ ಮಾತು ಕೇಳಿ ಅವಳಿಗೆ ಬೈಗುಳ ಕೇಳಿದ್ದಕ್ಕಿಂತ ಹೆಚ್ಚು ನೋವಾಯಿತು. “ಆದ್ರೆ ಮೇಡಂ ಅವರೇ ಹೊರಗಡೆ ಕೆಲಸ ಮಾಡಿ ನನ್ನ ಮೇಲೆ ಹಾಕ್ತಿದ್ದಾರೆ.”

“ಮೇಡಂ ಅಂತೆ,” ಎಂದಳು ಮೇಣದಕ್ಕ. “ನಿನ್ನ ಮದುವೆಗೆ ಹಾರಕ್ಕೆ ಓಡಾಡಿದ ಮೇಡಂ.”

ವಕೀಲೆ ಮೇಜಿನಡಿಯಲ್ಲಿ ಅವಳ ಕಾಲು ತುಳಿದಳು. ಪೆಟ್ಟಿಗೆ ತೆರೆದು ಚಿಕ್ಕಮ್ಮನ ಸೆಟ್ಟನ್ನು ಮೇಜಿನ ನಡುವೆ ಇಟ್ಟಳು.

“ಇದು ಇವರ ಕೈಯ ಕೆಲಸ ಅಂತ ನಿಮ್ಮ ಉತ್ತರದಲ್ಲಿದೆ. ಈಗಲೂ ಹಾಗೇ ಹೇಳ್ತೀರಾ?”

“ಹೌದು,” ಎಂದ ಪ್ಲಾಸ್ಟರ್. ಸೆಟ್ಟನ್ನು ಎತ್ತಿ ಹಿಡಿದು ಮಧ್ಯಸ್ಥರಿಗೆ ತೋರಿಸಿದ. ಮಾತಿನಲ್ಲಿ ಅವನಿಗೇ ತಿಳಿಯದ ಒಂದು ಹೆಮ್ಮೆ ಇತ್ತು. “ಈ ಸಣ್ಣ ಹಲ್ಲು ನೋಡಿ ಸಾರ್. ಇಷ್ಟು ಚೆಂದ ಬೇರೆ ಯಾರಿಗೂ ಬರಲ್ಲ. ಇದು ಅವರದ್ದೇ.”

ಆಗ ಮೇಣದಕ್ಕ ಚೀಲದಿಂದ ನಾಲ್ಕೈದು ಸೆಟ್ಟು ತೆಗೆದು ಒಂದರ ಪಕ್ಕ ಒಂದು ಇಟ್ಟಳು. ಲ್ಯಾಬಿನ ಕಪಾಟಿನಲ್ಲಿ ಉಳಿದ ಹಳೆಯವು, ಬಿರುಕು ಬಿಟ್ಟು ರಿಪೇರಿಗೆ ಬಂದವು. ಎಲ್ಲದರ ಮುಖವನ್ನೂ ಅವನ ಕಡೆಗೆ ತಿರುಗಿಸಿದಳು. ಎಲ್ಲದರಲ್ಲೂ ಓರೆಯಾಗಿದ್ದುದು ಎಡಗಡೆಯ ಹಲ್ಲು.

ಅವನು ನೋಡಿದ. ಮೊದಲು ಒಂದು ಸಣ್ಣ ನಗು ನಕ್ಕ. ಕೈಯಲ್ಲಿದ್ದುದನ್ನು ಸಾಲಿನ ಪಕ್ಕ ಇಟ್ಟ. ಮತ್ತೆ ಎತ್ತಿದ. ಮತ್ತೆ ಇಟ್ಟ. ಆಮೇಲೆ ಅವನ ಎಡಗೈ ತಾನಾಗಿ ಮೇಲೆದ್ದಿತು, ಗಾಳಿಯಲ್ಲಿ ಏನನ್ನೋ ತಿರುಗಿಸುವ ಹಾಗೆ. ಕಣ್ಣು ಮೇಜಿನ ಆಚೆ ಕೂತ ಅವಳ ಬಲಗೈ ಮೇಲೆ ನಿಂತಿತ್ತು. ಲ್ಯಾಬಿನಲ್ಲಿ ಪ್ಲಾಸ್ಟರ್ ಗಟ್ಟಿಯಾಗಲು ಕಾಯುತ್ತ ಹೇಗೆ ನೋಡುತ್ತಿದ್ದನೋ ಹಾಗೇ.

“ಏನು ವಿಷಯ?” ಎಂದರು ಮಧ್ಯಸ್ಥರು. “ನನಗೂ ಸ್ವಲ್ಪ ತಿಳಿಸಿ.”

ಪ್ಲಾಸ್ಟರಿನ ವಕೀಲರು ಅವನ ತೋಳು ಮುಟ್ಟಿ, ಏನೂ ಹೇಳಬೇಡಿ ಎಂದು ಪಿಸುಗುಟ್ಟಿದರು. ಅವನಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ.

“ಒಂದೇ ಒಂದು ದಿನ ಚಾಕು ನನ್ನ ಕೈಗೆ ಕೊಟ್ಟಿದ್ರೆ ಈ ತಪ್ಪು ಆಗ್ತಿರಲಿಲ್ಲ ಅಕ್ಕ,” ಎಂದ.

“ಕೇಳಬೇಕಿತ್ತು.”

“ಕೇಳಿದ್ದೆ. ಯಜಮಾನರು ಲ್ಯಾಬು ಬಿಟ್ಟುಕೊಟ್ಟ ವರ್ಷ ಕೇಳಿದ್ದೆ. ಪಾಲಿಶ್ ಮಾಮನ ಮುಂದೆ ನಕ್ಕುಬಿಟ್ರಿ. ನಿನ್ನ ಕೈ ಪ್ಲಾಸ್ಟರಿಗೆ ಹೇಳಿ ಮಾಡಿಸಿದ್ದು ಕಣೋ, ಸುಮ್ನೆ ಕಲಸು ಅಂದ್ರಿ.”

ಅವಳಿಗೆ ನೆನಪಿತ್ತು. ತಮಾಷೆಗೆಂದು ಹೇಳಿದ್ದು. ಅವನೂ ಅಂದು ನಕ್ಕಿದ್ದ.

“ಅದಕ್ಕೆ ಬೈಬೇಕಿತ್ತು, ಜಗಳ ಆಡಬೇಕಿತ್ತು,” ಎಂದಳು. “ಪಾಲು ಬೇರೆ ಮಾಡು ಅಂತ ಎದುರಿಗೆ ನಿಂತು ಹೇಳಬೇಕಿತ್ತು. ಡಾಕ್ಟ್ರ ಹತ್ರ ಹೋಗಿ ಇಬ್ಬರದ್ದೂ ಬ್ರಾಂಚು ಅಂತ ನನ್ನ ಹೆಸರು ಮಾರಿದೆಯಲ್ಲ, ಅದಕ್ಕೆ ನಾನು ನಕ್ಕಿದ್ದು ಕಾರಣ ಅಂತೀಯಾ? ಬೇರೆ ಕಡೆ ಕೆಲಸ ಹಿಡಿದಿದ್ದೀಯಾ ಅಂತ ಕೇಳಿದಾಗ ಬಟ್ಟಲು ತಟ್ತಾನೇ ಸುಳ್ಳು ಹೇಳಿದೆ ನೀನು.”

ಪ್ಲಾಸ್ಟರಿನ ವಕೀಲರು ಅವನ ಜೊತೆ ಹೊರಗೆ ಹೋಗಿ ಸ್ವಲ್ಪ ಮಾತಾಡಬೇಕೆಂದರು. ಅವರು ತಿರುಗಿ ಬಂದ ಮೇಲೆ ಲ್ಯಾಬು ಭಾವಮೈದನದ್ದು ಎಂಬ ಮಾತು ಮತ್ತೆ ಬರಲಿಲ್ಲ.

ರಾಜಿಯ ಕರಡು ಸಿದ್ಧವಾಗುವಷ್ಟರಲ್ಲಿ ಇನ್ನೂ ಎರಡು ಸಲ ಆ ಮಹಡಿ ಹತ್ತಬೇಕಾಯಿತು. ಪ್ಲಾಸ್ಟರ್ ಪಾಲುದಾರಿಕೆಯಿಂದ ಹೊರಹೋಗಬೇಕು, ಗುಟ್ಟಾಗಿ ನಡೆಸಿದ ಲ್ಯಾಬಿನ ಲಾಭದಲ್ಲಿ ಅವಳ ಅರ್ಧ ಕೊಡಬೇಕು, ಹಳೆಯ ಲ್ಯಾಬು ಮತ್ತು ಅದರ ಹೆಸರು ಅವಳಿಗೆ ಉಳಿಯಬೇಕು ಎಂದಾಯಿತು. ಅವನು ತನ್ನದೇ ಹೆಸರಿನಲ್ಲಿ ಲ್ಯಾಬು ನಡೆಸಬಹುದು, ಆದರೆ ಬ್ರಾಂಚು ಅನ್ನುವಂತಿಲ್ಲ. ಡಾಕ್ಟರ ವಿಷಯದಲ್ಲಿ ಮಾತ್ರ ಇಬ್ಬರೂ ಸೋತರು. ಗಲಾಟೆ ಕಿವಿಗೆ ಬಿದ್ದ ಕೂಡಲೇ ಅವರು ಯಂತ್ರದಲ್ಲಿ ಹಲ್ಲು ಕೊರೆದು ಕಳಿಸುವ ದೊಡ್ಡ ಕಂಪನಿಯೊಂದಕ್ಕೆ ಎಲ್ಲ ಕೆಲಸ ಒಪ್ಪಿಸಿದ್ದರು. ಅಲ್ಲಿ ಎಲ್ಲ ಹಲ್ಲೂ ನೆಟ್ಟಗೆ.

ಸಹಿಯಾದ ದಿನ ಪ್ಲಾಸ್ಟರ್ ಮೆಟ್ಟಿಲ ಹತ್ತಿರ ಕಾದು ನಿಂತಿದ್ದ.

“ಚಿಕ್ಕಮ್ಮನಿಗೆ ಚುಚ್ತಿತ್ತಂತಲ್ಲ. ಎಲ್ಲಿ?”

“ಒಳಗಡೆ, ಹಿಂದೆ. ಪ್ಲಾಸ್ಟರಿನಲ್ಲೇ ಗಾಳಿಗುಳ್ಳೆ ಉಳಿದಿತ್ತು. ಆ ತೂತಿಗೆ ಅಕ್ರಿಲಿಕ್ ತುಂಬಿ ಗುಬುಟಾಗಿದೆ.”

“ನನ್ನ ಪ್ಲಾಸ್ಟರಿನಲ್ಲಾ?” ಅವನ ಮುಖದಲ್ಲಿ ಆವತ್ತು ಮೇಜಿನೆದುರು ಕಾಣದಿದ್ದ ನಾಚಿಕೆ ಈಗ ಕಂಡಿತು.

“ಹಲ್ಲು ಕೂರಿಸೋ ಆತುರದಲ್ಲಿ ಬಟ್ಟಲು ತಟ್ಟೋದು ಮರೆತಿದ್ದೀಯ.”

ಅವನು ತಲೆಯಾಡಿಸಿ ಇಳಿದು ಹೋದ. ಕೆಳಗೆ ಅವನ ಸ್ಕೂಟರು ಮೊದಲ ಒದೆತಕ್ಕೆ ಹೊತ್ತಿಕೊಳ್ಳಲಿಲ್ಲ. ಅವಳು ಮೇಲೆ ಕಿಟಕಿಯ ಬಳಿ, ಅದು ಹೊತ್ತಿಕೊಳ್ಳುವವರೆಗೂ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದಳು.

ಸೆಟ್ಟು ಚಿಕ್ಕಮ್ಮನಿಗೆ ವಾಪಸು ಹೋಯಿತು. ಒಳಗಿನ ಗುಬುಟನ್ನು ಪಾಲಿಶ್ ಮಾಮ ಉಜ್ಜಿ ತೆಗೆದ. ತಿರುಗಿದ ಹಲ್ಲನ್ನು ಮುಟ್ಟಬಾರದೆಂದು ಚಿಕ್ಕಮ್ಮ ಅವನ ಪಕ್ಕದಲ್ಲೇ ನಿಂತು ಕಾವಲು ಕಾದಳು. ಮೇಣದಕ್ಕ ಮಾಡಿಕೊಟ್ಟದ್ದು ಚಿಕ್ಕಮ್ಮನ ಮನೆಯ ಕಪಾಟಿನಲ್ಲಿದೆ, ನೆಂಟರು ಬಂದಾಗ ಹಾಕಿಕೊಳ್ಳಲು.

ಇನ್ನೊಬ್ಬ ವೈದ್ಯೆ ಸದ್ಯಕ್ಕೆ ಸ್ವಲ್ಪ ಕೆಲಸ ಕೊಡಲು ಒಪ್ಪಿದ್ದಾರೆ. ಬಾಡಿಗೆಗೆ ಸಾಲುತ್ತದೆ, ಪ್ಲಾಸ್ಟರ್ ಸುರಿಯಲು ಹೊಸಬರನ್ನಿಟ್ಟುಕೊಳ್ಳಲು ಸಾಲದು. ಮೇಣದಕ್ಕ ಎದುರಿನ ಮೇಜಿನ ಮೇಲೆ ಬೋರಲಾಗಿದ್ದ ರಬ್ಬರ್ ಬಟ್ಟಲು ತೊಳೆದಿಟ್ಟಿದ್ದಾಳೆ. ಸೋಮವಾರದಿಂದ ಬೆಳಿಗ್ಗೆ ಆ ಕುರ್ಚಿಯಲ್ಲಿ ಕೂತು ಪ್ಲಾಸ್ಟರ್ ಕಲಸುವುದು, ಮಧ್ಯಾಹ್ನ ಈಚೆ ಬಂದು ಹಲ್ಲು ಜೋಡಿಸುವುದು, ಎರಡೂ ಅವಳದೇ ಕೆಲಸ.